'ಬಾರ್ಡರ್' ಎಂದರೆ ಅಂಚೋ, ಗಡಿಯೋ?

ಸುಂಕಸಾಳ (ಅಂಕೋಲಾ): ಸೀರೆಯಂಗಡಿಯಲ್ಲೂ ರಾಜ್ಯಗಳ ವಿವಾದದಲ್ಲೂ ಕೇಳಿಬರುವ ಇಂಗ್ಲಿಷ್ ಪದ 'ಬಾರ್ಡರ್'. ಹದಿನಾಲ್ಕನೆಯ ಶತಮಾನದಲ್ಲಿ ಹಳೆಯ ಫ್ರೆಂಚ್ ಭಾಷೆಯಿಂದ ಇದು ಇಂಗ್ಲಿಷಿಗೆ ಬಂದಿತು. ಮೂಲದಲ್ಲಿರುವುದು ಅಂಚು, ಹಡಗಿನ ಪಕ್ಕ ಎಂಬ ಅರ್ಥದ ಜರ್ಮಾನಿಕ್ ಪದ 'ಬೋರ್ಡ್'. ಬಟ್ಟೆ, ಗುರಾಣಿಗಳ ಅಂಚುಪಟ್ಟಿಗೆ ಸಲ್ಲುತ್ತಿದ್ದ ಪದ ಇಂಗ್ಲೆಂಡ್-ಸ್ಕಾಟ್ಲೆಂಡ್ ನಡುವಣ ಸೀಮೆಗೂ ಹೆಸರಾಯಿತು.

ಕನ್ನಡದಲ್ಲಿ ಸೀರೆಗೆ ಅಂಚು, ಗದ್ದೆಗೆ ಬದು, ಹೊಳೆಗೆ ದಡ, ರಾಜ್ಯಕ್ಕೆ ಗಡಿ. ಅಂಚು ತೆಲುಗಿನಲ್ಲೂ ಇದೆ. ಎಲ್ಲೆ ತಮಿಳಿನಲ್ಲಿ 'ಎಲ್ಲೈ'. ಸೀಮೆ ಸಂಸ್ಕೃತದ್ದು. ಮರ್ಯಾದೆಗೂ ಸಂಸ್ಕೃತದಲ್ಲಿ ಮೇರೆ ಎಂಬ ಅರ್ಥವುಂಟು. ಮರ್ಯಾದೆ ಮೀರಬೇಡ ಎನ್ನುವ ಹಿರಿಯರು ಅರಿಯದೆಯೇ ಗಡಿಯ ಮಾತಾಡುತ್ತಾರೆ!

ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟದ ಕೆಳಗಿರುವ ಸುಂಕಸಾಳದಂಥ ಊರುಗಳಲ್ಲಿ ಈ ಭೇದ ನಿಘಂಟಿಗೆ ಬಿಟ್ಟ ವಿಷಯವಲ್ಲ. ಕಾಡಿನ ಅಂಚು ಕಣ್ಣಿಗೆ ಕಾಣುತ್ತದೆ. ಮರ ಬೆಳೆದಂತೆ, ಕಡಿದಂತೆ ಸರಿಯುತ್ತದೆ. ಅರಣ್ಯದ ಗಡಿ ಇರುವುದು ನಕ್ಷೆಯಲ್ಲಿ. ಇವೆರಡರ ನಡುವೆ ಸಿಲುಕಿದ ಸಾಗುವಳಿಗೆ ಸರ್ಕಾರಿ ಕಾಗದದಲ್ಲಿ 'ಅತಿಕ್ರಮಣ' ಎಂದು ಹೆಸರು. 2006ರ ಅರಣ್ಯ ಹಕ್ಕು ಕಾಯ್ದೆಯು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ಪರಿಗಣಿಸುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಆ ದಿನಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಬಹುಪಾಲು ಕುಟುಂಬಗಳಿಗೆ ಇದು ಸುಲಭವಲ್ಲ.

ಜಮೀನಿನ ಪತ್ರಗಳಲ್ಲಿ ಬಳಕೆಯಲ್ಲಿರುವ ಪದವೇ ಬೇರೆ: ಚೆಕ್ಕುಬಂದಿ. ಪೂರ್ವಕ್ಕೆ ಯಾರ ತೋಟ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ನಾಲ್ಕು ದಿಕ್ಕನ್ನೂ ಅದು ಹೆಸರಿಸಿ ಹೇಳುತ್ತದೆ.