ಶಲ್ಲೂಮನ ಹೆಣ್ಣುಮಕ್ಕಳು

ಬೀದಿಗೆ ಹೆಸರಿನ ಫಲಕ ಇಲ್ಲದಿದ್ದರೆ ಏನು ಮಹಾ ಎಂದು ನಮಗೆ ಅನ್ನಿಸಬಹುದು. ಆಲದ ಮರದ ಎಡಕ್ಕೆ, ಹಿಟ್ಟಿನ ಗಿರಣಿಯ ಎದುರಿಗೆ ಎಂದು ವಿಳಾಸ ಹೇಳಿ ಮುಗಿಸುವವರು ನಾವು. ಆದರೆ ನ್ಯೂಯಾರ್ಕಿನಂಥ ಊರಿನಲ್ಲಿ ಹಾಗಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದವರು, ನಡುರಾತ್ರಿ ಹೆರಿಗೆ ನೋವು ಬಂದರೆ ಆಂಬುಲೆನ್ಸಿನವರು ಬೀದಿಯ ಹೆಸರು ಓದಿಕೊಂಡೇ ಬರಬೇಕು. 1980ರ ಸುಮಾರಿಗೆ ಆ ಊರಿನ ಬ್ರೂಕ್ಲಿನ್ ವಿಭಾಗದ ಪೂರ್ವ ಭಾಗದಲ್ಲಿ, ಬ್ರೌನ್ಸ್‌ವಿಲ್ ಮತ್ತು ಈಸ್ಟ್ ನ್ಯೂಯಾರ್ಕ್ ಎಂಬ ಬಡಾವಣೆಗಳಲ್ಲಿ, ಸಾವಿರಾರು ಫಲಕಗಳು ಕಾಣೆಯಾಗಿದ್ದವು. ಕಿತ್ತವರು ಯಾರೋ. ಮತ್ತೆ ಹಾಕಿಸಬೇಕೆಂದು ನಗರಾಡಳಿತಕ್ಕೆ ತೋಚಿರಲಿಲ್ಲ. ಮುಂದೆ ಅದೇ ಜಾಗದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮನೆ ಕಟ್ಟಿಸಿದ ಜನ ಸರ್ಕಾರವನ್ನು ಮೊದಮೊದಲು ಕೇಳಿದ್ದು ಮನೆಯನ್ನಲ್ಲ, ಇಂಥ ಫಲಕಗಳನ್ನು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ.

ಬ್ರೌನ್ಸ್‌ವಿಲ್ ಹುಟ್ಟಿನಿಂದಲೇ ಬಡವರ ಕೇರಿ. 20ನೇ ಶತಮಾನದ ಮೊದಲಲ್ಲಿ ಅಲ್ಲಿದ್ದವರು ಪೂರ್ವ ಯುರೋಪಿನಿಂದ ಬಂದ ಯಹೂದಿಗಳು, ಬಟ್ಟೆ ಹೊಲಿದು ಹೊಟ್ಟೆ ಹೊರೆಯುವವರು. ಅಮೆರಿಕದ ಮೊದಲ ಸಂತಾನ ನಿಯಂತ್ರಣ ಚಿಕಿತ್ಸಾಲಯವನ್ನು ಮಾರ್ಗರೆಟ್ ಸ್ಯಾಂಗರ್ 1916ರ ಅಕ್ಟೋಬರಿನಲ್ಲಿ ತೆರೆದದ್ದು ಇದೇ ಕೇರಿಯ ಆಂಬಾಯ್ ಬೀದಿಯಲ್ಲಿ. ಕಂಕುಳಲ್ಲಿ ಮಗು, ಕೈಯಲ್ಲೊಂದು ಮಗು ಎಂದು ಹೆಂಗಸರು ಸಾಲುಗಟ್ಟಿ ನಿಂತರಂತೆ. ಹತ್ತೇ ದಿನಕ್ಕೆ ಪೊಲೀಸರು ಬಂದು ಬಾಗಿಲು ಹಾಕಿಸಿದರು.

ಎರಡನೇ ಮಹಾಯುದ್ಧದ ಮೇಲೆ ಬಿಳಿಯರು ಸರ್ಕಾರದ ಖಾತರಿಯ ಅಗ್ಗದ ಸಾಲ ಪಡೆದು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೊರಟರು. ಅವರು ಬಿಟ್ಟ ಮನೆಗಳಿಗೆ ದಕ್ಷಿಣದ ರಾಜ್ಯಗಳ ಕಪ್ಪು ಜನ, ಪೋರ್ಟೊರಿಕೋದ ಜನ ಬಂದು ಸೇರಿದರು. ಇವರಿಗೆ ಮಾತ್ರ ಸಾಲವಿಲ್ಲ. ಇಂಥ ಕೇರಿಗಳನ್ನು 1930ರ ದಶಕದಲ್ಲೇ ನಕ್ಷೆಯ ಮೇಲೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ಗುರುತು ಹಾಕಿಡುವ ಪದ್ಧತಿ ಶುರುವಾಗಿತ್ತು. ಸಾಲವಿಲ್ಲದ ಕಡೆ ರಿಪೇರಿಯಿಲ್ಲ, ರಿಪೇರಿಯಿಲ್ಲದ ಕಡೆ ಬಾಡಿಗೆ ಬಾರದು. ವಿಮೆಯ ಹಣಕ್ಕಾಗಿ ತಮ್ಮ ಕಟ್ಟಡಕ್ಕೆ ತಾವೇ ಬೆಂಕಿ ಹಚ್ಚಿಸಿದ ಮಾಲೀಕರೂ ಇದ್ದರು. 1975ರಲ್ಲಿ ನಗರದ ಬೊಕ್ಕಸವೇ ದಿವಾಳಿಯ ಅಂಚಿಗೆ ಬಂತು. ಮರುವರ್ಷ ನಗರದ ವಸತಿ ಇಲಾಖೆಯ ಮುಖ್ಯಸ್ಥ ರೋಜರ್ ಸ್ಟಾರ್, ಇಂಥ ಕೇರಿಗಳಿಗೆ ಕೊಡುವ ಸೌಕರ್ಯವನ್ನು ಕಡಿಮೆ ಮಾಡುತ್ತ ಬಂದು, ಅವು ತಾವಾಗಿ ಖಾಲಿಯಾಗುವಂತೆ ಬಿಡುವುದು ಮೇಲೆಂದು ಸೂಚಿಸಿದರು. ಯೋಜಿತ ಕುಗ್ಗುವಿಕೆ ಎಂದು ಅದಕ್ಕೊಂದು ಗೌರವದ ಹೆಸರು ಬೇರೆ. ಹಾಗೆ ಖಾಲಿಯಾಗಬೇಕಾದ ಬೀದಿಯಲ್ಲಿ ಒಬ್ಬಾಕೆ ಬೆಳಿಗ್ಗೆ ಎದ್ದು ಮಕ್ಕಳಿಗೆ ತಿಂಡಿ ಮಾಡಿಕೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು ಎಂಬುದು ಯೋಜನೆಯ ಕಾಗದದಲ್ಲಿ ಕಾಣುವುದಿಲ್ಲ.

ಬ್ಯಾಂಕು ಹೋಯಿತು, ಒಳ್ಳೆಯ ಅಂಗಡಿ ಹೋಯಿತು. ಉಳಿದದ್ದು ಚರ್ಚುಗಳು. ಕ್ಯಾಥೊಲಿಕ್, ಬ್ಯಾಪ್ಟಿಸ್ಟ್, ಲೂಥರನ್, ಎಪಿಸ್ಕೋಪಲ್ ಎಂದು ಒಂದಕ್ಕೊಂದು ಹೆಚ್ಚು ಮಾತಿಲ್ಲದ ಪಂಗಡಗಳ ಪಾದ್ರಿಗಳೂ ಸಭಿಕರೂ 1970ರ ದಶಕದ ಕೊನೆಯಲ್ಲಿ ಸೇರಿ ಮಾತಾಡತೊಡಗಿ, 1980ರಲ್ಲಿ ಈಸ್ಟ್ ಬ್ರೂಕ್ಲಿನ್ ಚರ್ಚಸ್ ಎಂಬ ಸಂಘಟನೆ ಕಟ್ಟಿದರು. ಮುಂದೆ ಅದರ ಹೆಸರು ಈಸ್ಟ್ ಬ್ರೂಕ್ಲಿನ್ ಕಾಂಗ್ರಿಗೇಶನ್ಸ್ ಎಂದಾಯಿತು. ಅವರಿಗೆ ದಾರಿ ತೋರಿಸಿದ್ದು ಷಿಕಾಗೋದ ಸಾಲ್ ಅಲಿನ್ಸ್ಕಿ 1940ರಲ್ಲಿ ಸ್ಥಾಪಿಸಿದ್ದ ಇಂಡಸ್ಟ್ರಿಯಲ್ ಏರಿಯಾಸ್ ಫೌಂಡೇಶನ್. ಅಲಿನ್ಸ್ಕಿ 1972ರಲ್ಲೇ ತೀರಿಕೊಂಡಿದ್ದರು. ಅವರ ನಂತರ ಎಡ್ ಚೇಂಬರ್ಸ್ ಆ ಸಂಸ್ಥೆ ನಡೆಸುತ್ತಿದ್ದರು. ಈ ಸಂಘಟಕರು ಬಂದವರೇ ಹೇಳಿದ ಮೊದಲ ಮಾತು ಹಣದ್ದು. ಸರ್ಕಾರದ ದುಡ್ಡು ಬೇಡ, ಸಂಘಟನೆ ನಡೆಯುವುದು ನಿಮ್ಮ ವಂತಿಗೆಯಿಂದಲೇ. ಬಡವರ ಹತ್ತಿರ ವಂತಿಗೆ ಕೇಳುವುದೇ ಎಂದು ಮೂಗು ಮುರಿಯಬಹುದು. ಕೊಟ್ಟವರಿಗೆ ಮಾತ್ರ ಲೆಕ್ಕ ಕೇಳುವ ಧೈರ್ಯ ಬರುತ್ತದೆ ಎಂಬುದು ನಮ್ಮ ಚೀಟಿ ಹಾಕುವ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಅವರ ಇನ್ನೊಂದು ಕಟ್ಟುನಿಟ್ಟಿನ ನಿಯಮ, ಜನ ತಾವೇ ಮಾಡಿಕೊಳ್ಳಬಲ್ಲದ್ದನ್ನು ಅವರ ಪರವಾಗಿ ಎಂದೂ ಮಾಡಕೂಡದು ಎಂಬುದು. ಆದ್ದರಿಂದ ಕೆಲಸ ಶುರುವಾದದ್ದು ಭಾಷಣದಿಂದಲ್ಲ, ಒಬ್ಬರ ಎದುರಿಗೆ ಒಬ್ಬರು ಕೂತು ಅರ್ಧ ಗಂಟೆ ಮಾತಾಡುವುದರಿಂದ. ನಿಮ್ಮನ್ನು ಕಾಡುವುದೇನು, ಸಿಟ್ಟು ತರಿಸುವುದೇನು? ಚರ್ಚಿನ ಬೆಂಚುಗಳ ಮೇಲೆ ಹೆಚ್ಚಾಗಿ ಕೂತಿದ್ದವರು ಹೆಂಗಸರು. ಉತ್ತರವೂ ಹೆಂಗಸರದ್ದೇ: ಅಂಗಡಿಯ ಮಾಂಸ ಕೊಳೆತಿರುತ್ತದೆ, ಲೆಕ್ಕದಲ್ಲಿ ಮೋಸ. ಅವರೇ ಗುಂಪು ಮಾಡಿಕೊಂಡು ಬಿಲ್ಲೆ ಧರಿಸಿ ಪಟ್ಟಿ ಹಿಡಿದು ಸೂಪರ್‌ಮಾರ್ಕೆಟ್‌ಗಳನ್ನು ತಪಾಸಣೆ ಮಾಡಿದರು. ಯಾವ ಇಲಾಖೆಯೂ ಅವರಿಗೆ ಅಧಿಕಾರ ಕೊಟ್ಟಿರಲಿಲ್ಲ. ಮಾಲೀಕರು ಮಾತುಕತೆಗೆ ಬಂದರು, ಅಂಗಡಿ ಸರಿಮಾಡಲು ಒಪ್ಪಿದರು. ಬೀದಿ ಫಲಕಗಳು ಬಂದದ್ದೂ ಹೀಗೆ ಬೆನ್ನು ಬಿದ್ದೇ.

ಅವರು ಸಭೆ ನಡೆಸುತ್ತಿದ್ದ ರೀತಿಯನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಹೇಳಿದ ಗಳಿಗೆಗೆ ಆರಂಭ, ಹೇಳಿದ ಗಳಿಗೆಗೆ ಮುಕ್ತಾಯ. ಯಾವ ಚರ್ಚಿನಿಂದ ಎಷ್ಟು ಜನ ಬಂದಿದ್ದಾರೆಂದು ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ರಾಜಕಾರಣಿಗೆ ಮೊದಲೇ ಗೊತ್ತುಮಾಡಿದ ಕೆಲವೇ ನಿಮಿಷ. ಅಷ್ಟರಲ್ಲಿ ಆಗುತ್ತದೆಯೋ ಇಲ್ಲವೋ ಎಂದು ಹೇಳಬೇಕು. ಸಭೆ ಮುಗಿದ ಮೇಲೆ ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು ಎಂದು ಅಲ್ಲೇ ಕೂತು ವಿಮರ್ಶೆ. ಹಾರ ತುರಾಯಿ, ಸ್ವಾಗತ, ವಂದನಾರ್ಪಣೆಗಳಲ್ಲೇ ಸಂಜೆ ಕಳೆಯುವ ನಮ್ಮ ಸಭೆಗಳಲ್ಲಿ ಜಮಖಾನ ಹಾಸಿ ಕಾಫಿ ಕೊಟ್ಟು ಬಂದವಳಾದ್ದರಿಂದ ಹೇಳುತ್ತಿದ್ದೇನೆ.

ಇಷ್ಟಾದ ಮೇಲೆ ಮನೆಯ ಮಾತು. ಐ. ಡಿ. ರಾಬಿನ್ಸ್ ಎಂಬ ಹಿರಿಯ ಕಟ್ಟಡ ನಿರ್ಮಾಪಕರು ಪತ್ರಿಕೆಯ ಅಂಕಣದಲ್ಲಿ ಒಂದು ವಾದ ಹೂಡಿದ್ದರು. ಬಡವರಿಗೆ ಗೋಪುರದಂಥ ಕಟ್ಟಡ ಬೇಡ. ಬಯಲಾದ ಜಾಗದಲ್ಲಿ ಒಂದೇ ನಮೂನೆಯ ಸಾಲುಮನೆಗಳನ್ನು ಸಾವಿರಗಟ್ಟಲೆ ಕಟ್ಟಿ, ಬಾಡಿಗೆಗೆ ಕೊಡದೆ ಮಾರಬೇಕು ಎಂದು. ಹದಿನೆಂಟು ಅಡಿ ಅಗಲದ ಇಟ್ಟಿಗೆಯ ಮನೆ, ಎರಡು ಮಹಡಿ, ಹಿಂದೆ ಪುಟ್ಟ ಹಿತ್ತಿಲು. ಸಂಘಟನೆಯವರು ಅವರನ್ನೇ ಕರೆತಂದರು. ಯೋಜನೆಗೆ ನೆಹೆಮೀಯನ ಹೆಸರು ಸೂಚಿಸಿದವರು ಸೇಂಟ್ ಪಾಲ್ ಕಮ್ಯುನಿಟಿ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಜಾನಿ ರೇ ಯಂಗ್‌ಬ್ಲಡ್. ಈ ಚರ್ಚಿನ ಬಗೆಗೆ ಸ್ಯಾಮ್ಯುಯೆಲ್ ಫ್ರೀಡ್‌ಮನ್ 1993ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ನೆಹೆಮೀಯನ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪರ್ಷಿಯಾದ ಅರಸನಿಗೆ ದ್ರಾಕ್ಷಾರಸದ ಬಟ್ಟಲು ಎತ್ತಿಕೊಡುವ ಚಾಕರಿಯವನು ಅವನು. ಪೂರ್ವಿಕರ ಊರಾದ ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ ಎಂದು ಕೇಳಿ ಅತ್ತ. ಅರಸನಿಂದ ರಜೆಯನ್ನೂ ಮರಕ್ಕೆ ಅಪ್ಪಣೆ ಚೀಟಿಯನ್ನೂ ಪಡೆದು ಹೋಗಿ, 52 ದಿನಗಳಲ್ಲಿ ಗೋಡೆ ಎಬ್ಬಿಸಿದ. ಎಷ್ಟೋ ಮಂದಿ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಬೈಬಲಿನಲ್ಲಿ ಅವರ ಉದ್ದನೆಯ ಹೆಸರಿನ ಪಟ್ಟಿಯೇ ಇದೆ. ಆ ಗಂಡಸರ ಪಟ್ಟಿಯ ನಡುವೆ ಒಂದು ಕಡೆ, ಶಲ್ಲೂಮನೂ ಅವನ ಹೆಣ್ಣುಮಕ್ಕಳೂ ಗೋಡೆ ರಿಪೇರಿ ಮಾಡಿದರು ಎಂದು ಬರುತ್ತದೆ. ಹೆಣ್ಣುಮಕ್ಕಳ ಹೆಸರು ಬರೆದಿಲ್ಲ. ಮುಂದೊಂದು ಅಧ್ಯಾಯದಲ್ಲಿ ಜನರೂ ಅವರ ಹೆಂಡಂದಿರೂ ಬಂದು ಗೋಳಿಡುತ್ತಾರೆ: ಹೊಟ್ಟೆಗಾಗಿ ಹೊಲವನ್ನೂ ಮನೆಯನ್ನೂ ಒತ್ತೆ ಇಟ್ಟೆವು ಎಂದು. ನೆಹೆಮೀಯ ಸಾಹುಕಾರರನ್ನು ಕರೆಸಿ, ಒತ್ತೆ ಹಿಂದಿರುಗಿಸಿ, ಬಡ್ಡಿ ಬಿಡಿ ಎನ್ನುತ್ತಾನೆ. ಹೆಸರು ಆರಿಸಿದವರಿಗೆ ಈ ಬಡ್ಡಿಯ ಅಧ್ಯಾಯ ಮರೆತಿರಲಾರದು.

ಏಕೆಂದರೆ ಬ್ರೂಕ್ಲಿನ್‌ನಲ್ಲೂ ಎಲ್ಲ ನಿಂತದ್ದು ಬಡ್ಡಿಯ ಮೇಲೆ. ಮನೆ ಕಟ್ಟುವವನು ಬ್ಯಾಂಕಿನಿಂದ ಸಾಲ ತಂದರೆ ಆ ಬಡ್ಡಿಯೆಲ್ಲ ಕೊಳ್ಳುವವನ ತಲೆಗೆ. ಅದನ್ನು ತಪ್ಪಿಸಲು ಚರ್ಚುಗಳಿಂದಲೇ ಬಡ್ಡಿಯಿಲ್ಲದ 1 ಕೋಟಿ 20 ಲಕ್ಷ ಡಾಲರ್ ಸಾಲ ಎತ್ತಬೇಕೆಂದು ನಿಶ್ಚಯಿಸಿದರು. ಬ್ರೂಕ್ಲಿನ್‌ನ ಬಿಷಪ್ ಫ್ರಾನ್ಸಿಸ್ ಮುಗವೆರೊ ಅವರ ಕ್ಯಾಥೊಲಿಕ್ ಧರ್ಮಪ್ರಾಂತ, ಲಾಂಗ್ ಐಲೆಂಡಿನ ಎಪಿಸ್ಕೋಪಲ್ ಧರ್ಮಪ್ರಾಂತ, ಮಿಸೌರಿ ಸಿನಾಡಿನ ಲೂಥರನ್ನರು ಹಣ ಹಾಕಿದರು. ದಾನವಲ್ಲ, ಒಂದು ಸಾಲು ಮನೆ ಮಾರಿದ ಹಣದಲ್ಲಿ ಮುಂದಿನ ಸಾಲು. ಈ ಬಲದೊಡನೆ ಮೇಯರ್ ಎಡ್ ಕಾಚ್ ಅವರ ಮುಂದೆ ಕೂತರು. ನಗರ ಜಾಗ ಕೊಟ್ಟಿತು, ಜೊತೆಗೆ ಮನೆಯೊಂದಕ್ಕೆ 10 ಸಾವಿರ ಡಾಲರ್ ಬಡ್ಡಿಯಿಲ್ಲದ ಸಾಲ. ಅದನ್ನು ತೀರಿಸಬೇಕಾದದ್ದು ಮನೆ ಮಾರುವ ದಿನ. ರಾಜ್ಯದ ಸಂಸ್ಥೆ ಕಡಿಮೆ ಬಡ್ಡಿಯ ಗೃಹಸಾಲ ಕೊಟ್ಟಿತು. ಮನೆಗೆ ತಗಲಿದ್ದು 50 ಸಾವಿರ ಡಾಲರಿನ ಆಸುಪಾಸು, ಕೊಳ್ಳುವವರು ಮುಂಗಡ ಕಟ್ಟಬೇಕಾದದ್ದು 5 ಸಾವಿರದಷ್ಟು. 1982ರ ಅಕ್ಟೋಬರಿನಲ್ಲಿ ಬ್ರೌನ್ಸ್‌ವಿಲ್‌ನಲ್ಲಿ ಸಾವಿರಾರು ಜನರ ಎದುರು ಗುದ್ದಲಿ ಪೂಜೆಯಂಥದ್ದು ನಡೆಯಿತು. 1984ರ ಹೊತ್ತಿಗೆ ಮೊದಲ ಸಂಸಾರಗಳು ಒಳಗೆ ಬಂದವು.

ಬಂದವರಲ್ಲಿ ಹಲವರು ಸರ್ಕಾರಿ ಬಾಡಿಗೆ ಗೋಪುರಗಳಲ್ಲಿ ಬೆಳೆದವರು. ಒಂಟಿ ತಾಯಂದಿರೂ ಇದ್ದರು. ಅಮೆರಿಕದಲ್ಲಿ ಸಾಲ ಕೊಡುವಾಗ ಹೆಣ್ಣೋ ಗಂಡೋ, ಮದುವೆಯಾಗಿದೆಯೋ ಇಲ್ಲವೋ ಎಂದು ಭೇದ ಮಾಡಬಾರದೆಂದು ಕಾನೂನು ಬಂದದ್ದೇ 1974ರಲ್ಲಿ. ಅಂದರೆ ತನ್ನೊಬ್ಬಳ ಹೆಸರಿನ ಮನೆಪತ್ರ ಅವರಿಗೂ ಹೊಸದೇ.

ಟೀಕೆಗಳು ಬಂದವು. ಮನೆಗಾಗಿ ಹಾಹಾಕಾರವಿರುವ ಊರಿನಲ್ಲಿ ಇಷ್ಟು ವಿಶಾಲ ಜಾಗದಲ್ಲಿ ಇಷ್ಟೇ ಮನೆಯೇ ಎಂದರು ನಗರ ಯೋಜಕರು. ಎಲ್ಲ ಮನೆಯೂ ಒಂದೇ ಅಚ್ಚು ಎಂದು ಮೂಗೆಳೆದರು. ಎರಡನೆಯದಕ್ಕೆ ನಾನು ಬೆಲೆ ಕೊಡುವುದಿಲ್ಲ. ಸ್ವಂತ ಬಾಗಿಲಿಗೆ ತಾನೇ ಆರಿಸಿದ ಬಣ್ಣ ಬಳಿಯುವವಳಿಗೆ ಪಕ್ಕದ ಮನೆ ತನ್ನದರಂತೆಯೇ ಇದೆ ಎಂಬುದು ದುಃಖವಲ್ಲ. ಮೊದಲನೆಯದು ಮಾತ್ರ ತಳ್ಳಿಹಾಕುವಂಥದ್ದಲ್ಲ. ವರ್ಷಕ್ಕೆ 20 ಸಾವಿರ ಡಾಲರಿನ ಸುತ್ತಮುತ್ತ ದುಡಿಯುವವರಿಗೆ ಈ ಮನೆ ಎಟುಕಿತು. ಅದಕ್ಕಿಂತ ಕೆಳಗಿದ್ದವಳು ಹಳೆಯ ಗೋಪುರದ ಕಿಟಕಿಯಿಂದ ಹೊಸ ಮನೆಗಳ ಸಾಲು ನೋಡಬೇಕಾಯಿತು.

ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಸೌತ್ ಬ್ರಾಂಕ್ಸಿನಲ್ಲಿ ಚರ್ಚುಗಳು ಅದೇ ಹೆಸರಿನ ಮನೆ ಕಟ್ಟಿದವು. 1987ರ ಕೇಂದ್ರ ವಸತಿ ಕಾನೂನಿನಲ್ಲಿ ನೆಹೆಮೀಯನ ಹೆಸರಿನಲ್ಲೇ ಒಂದು ಅನುದಾನ ಸೇರಿತು. 2000ದ ಈಚೆಗೆ ಈಸ್ಟ್ ನ್ಯೂಯಾರ್ಕಿನ ಸ್ಪ್ರಿಂಗ್ ಕ್ರೀಕ್‌ನಲ್ಲಿ ಕಾರ್ಖಾನೆಯಲ್ಲಿ ತಯಾರಾದ ಮನೆಯ ಭಾಗಗಳನ್ನು ಲಾರಿಯಲ್ಲಿ ತಂದು ಜೋಡಿಸಿದರು. ಬಣ್ಣವೂ ಬೇರೆ ಬೇರೆ. ಬೆಲೆ ಮಾತ್ರ ಹಳೆಯದಲ್ಲ.

ಮೊದಲ ಸಾಲಿನ ಮನೆಗಳ ಬೆಲೆ ಈ ನಡುವೆ ಹಲವು ಪಟ್ಟಾಗಿದೆ. ಕೆಲವರು ಮಾರಿದರು. ಅಗ್ಗಕ್ಕೆ ಕೊಂಡದ್ದನ್ನು ಲಾಭಕ್ಕೆ ಮಾರುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಊರ ಹೊರಗಿನ ಬಡಾವಣೆಯಲ್ಲಿ ಅಗ್ಗದ ಸಾಲಕ್ಕೆ ಮನೆ ಕೊಂಡು ಮಾರಿದವರಿಗೆ ಯಾರೂ ಕೇಳಿರಲಿಲ್ಲ. ಇವಳು ನಗರದ 10 ಸಾವಿರ ಡಾಲರ್ ಎಣಿಸಿಕೊಟ್ಟು, ಉಳಿದದ್ದನ್ನು ತನ್ನ ಇಷ್ಟದಂತೆ ಖರ್ಚು ಮಾಡಲಿ.