ನೀರಿನ ಗುಣಮಟ್ಟ ಉಸ್ತುವಾರಿ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು
ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಿಗೆ ವರದಾ, ಧರ್ಮಾ, ಕುಮುದ್ವತಿ ನದಿಗಳು, ಕೆರೆಗಳು, ಕೊಳವೆಬಾವಿಗಳೇ ಜಲಮೂಲ. 1974ರ ಜಲಮಾಲಿನ್ಯ ಕಾಯ್ದೆಯಡಿ ರಚಿತವಾದ ಮಾಲಿನ್ಯ ನಿಯಂತ್ರಣ ಮಂಡಳಿಗಳು ನದಿನೀರನ್ನೂ, ಕೇಂದ್ರ ಅಂತರ್ಜಲ ಮಂಡಳಿ ಬಾವಿನೀರನ್ನೂ ಪರೀಕ್ಷಿಸುತ್ತವೆ. ಹಳ್ಳಿಗಳ ನಲ್ಲಿನೀರಿನ ಹೊಣೆ ಗ್ರಾಮೀಣ ಕುಡಿಯುವ ನೀರು ಇಲಾಖೆಯದು. ಈ ಹರಿದುಹಂಚಿದ ಹೊಣೆಯೇ ವ್ಯವಸ್ಥೆಯ ದೊಡ್ಡ ತೊಡಕು.

ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ (ಬೇರೆ ಮೂಲವಿಲ್ಲದಿದ್ದರೆ 1.5), ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು. ಫ್ಲೋರೈಡ್ ಬಂಡೆಯಿಂದ ಬರುತ್ತದೆ. ನೈಟ್ರೇಟ್ ಗೊಬ್ಬರ, ತಿಪ್ಪೆ, ಶೌಚಗುಂಡಿಗಳಿಂದ ಮಳೆಯೊಡನೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯ ಮಾದರಿಯೊಂದನ್ನೇ ನಂಬುವುದು ಸಾಲದು, ಮಳೆಗಾಲದ ನಂತರವೂ ಪರೀಕ್ಷಿಸಬೇಕು.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಕೆ ಕಲಿಸುವ ಯೋಜನೆ ಹಾಕಿತು. ಒಳ್ಳೆಯದೇ, ಆದರೆ ಮೆಕ್ಕೆಜೋಳ, ಹತ್ತಿ ಹೊಲಗಳ ಕೀಟನಾಶಕ ಪತ್ತೆಗೆ ಪ್ರಯೋಗಾಲಯವೇ ಬೇಕು.