ಇವನೇ ಅವನು!

"ಇವನೇ ಅವನು." ಎರಡೇ ಪದ. ಕೋರ್ಟಿನಲ್ಲಿ ಹೇಳಿದರೆ ಒಬ್ಬ ಮನುಷ್ಯ ಜೀವನಪೂರ್ತಿ ಜೈಲಿನಲ್ಲಿ ಕೊಳೆಯಬಹುದು. ಕೋರ್ಟಿನ ಹೊರಗೆ ಗುಂಪಿನಲ್ಲಿ ಹೇಳಿದರೆ ಅರ್ಧ ಗಂಟೆಯೂ ಬೇಡ, ಜೀವವೇ ಹೋಗುತ್ತೆ. ನಮ್ಮ ಬೀದರ್ ಜಿಲ್ಲೆ 2018ರಲ್ಲಿ ಅದನ್ನೂ ನೋಡಿತು. ಅದಕ್ಕೆ ಬರ್ತೀನಿ. ಮೊದಲು ಸ್ವಲ್ಪ ಹಳೇ ಕಥೆ.

1896ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬ ನಾರ್ವೆ ದೇಶದವನಿಗೆ ಏಳು ವರ್ಷ ಶಿಕ್ಷೆಯಾಯ್ತು. ಹೆಂಗಸರನ್ನು ಮಾತಿನಲ್ಲಿ ಮರುಳು ಮಾಡಿ ಒಡವೆ ಹೊಡೆದ ಅಂತ ಆರೋಪ. ಒಬ್ಬಿಬ್ಬರಲ್ಲ, ಹಲವು ಹೆಂಗಸರು "ಇವನೇ" ಅಂದರು. ಶಿಕ್ಷೆ ಮುಗಿಸಿ ಬಂದವನ ಮೇಲೆ 1904ರಲ್ಲಿ ಮತ್ತೆ ಅದೇ ಆರೋಪ, ಮತ್ತೆ ಅಪರಾಧಿ ಅಂತ ತೀರ್ಪು! ಅವನು ಒಳಗಿದ್ದಾಗಲೇ ಹೊರಗೆ ಅದೇ ಥರದ ಮೋಸ ನಡೆದು ನಿಜವಾದ ಕಳ್ಳ ಸಿಕ್ಕಿಬಿದ್ದ. 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ಕೋರ್ಟು ಹುಟ್ಟಲಿಕ್ಕೆ ಈ ಪ್ರಕರಣವೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಆ ಹೆಂಗಸರು ಬೇಕಂತ ಸುಳ್ಳು ಹೇಳಿದವರಲ್ಲ. ಸುಳ್ಳು ಸಾಕ್ಷಿಯನ್ನು ವಕೀಲರು ಪಾಟೀಸವಾಲಿನಲ್ಲಿ ಹಿಡಿಯಬಹುದು. ಪ್ರಾಮಾಣಿಕವಾಗಿ ತಪ್ಪು ಹೇಳುವವರನ್ನು ಹಿಡಿಯೋದು ಹೇಗೆ? ಅವರು ತಡವರಿಸೋದೇ ಇಲ್ಲ.

ನೆನಪು ಹಾರ್ಡ್ ಡಿಸ್ಕ್ ಅಲ್ಲ ಸ್ವಾಮಿ. ಹಾರ್ಡ್ ಡಿಸ್ಕಿನ ಫೈಲು ಎಷ್ಟು ಸಲ ತೆರೆದರೂ ಅದೇ ಇರುತ್ತೆ. ನೆನಪು ತೆರೆದಾಗಲೆಲ್ಲ ಒಂಚೂರು ತಿದ್ದುಪಡಿಯಾಗಿ ಸೇವ್ ಆಗುತ್ತೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲಂ ತೋರಿಸಿ ಪ್ರಶ್ನೆ ಕೇಳಿದರು. ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಅಂದಾಗ ಬಂದ ಉತ್ತರಕ್ಕಿಂತ "ಅಪ್ಪಳಿಸಿದಾಗ" ಎಷ್ಟಿತ್ತು ಅಂದಾಗ ಬಂದ ಉತ್ತರ ಜಾಸ್ತಿ. ನೋಡಿದ ಫಿಲಂ ಒಂದೇ, ಬದಲಾಗಿದ್ದು ಪ್ರಶ್ನೆಯ ಒಂದು ಪದ ಮಾತ್ರ.

ಈ ತೊಂದರೆಗೆ ಕಾನೂನು ಕಂಡುಕೊಂಡ ಮದ್ದು ಗುರುತು ಪತ್ತೆ ಪರೇಡ್. ಆರೋಪಿಯನ್ನು ಅವನದೇ ವಯಸ್ಸು, ಮೈಕಟ್ಟಿನ ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ, ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಸುತ್ತಾರೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಇದನ್ನು ನಡೆಸೋದು ತಾಲೂಕು ದಂಡಾಧಿಕಾರಿ, ಅಂದರೆ ಭಾಲ್ಕಿಯಲ್ಲೋ ಔರಾದಿನಲ್ಲೋ ನಾವು ಜಾತಿ ಸರ್ಟಿಫಿಕೇಟಿಗೆ ಅಲೆಯುವ ಅದೇ ತಹಶೀಲ್ದಾರರು! ತನಿಖೆ ಮಾಡುವ ಪೊಲೀಸರು ಆಗ ಅಲ್ಲಿ ಇರಬಾರದು. ಅದಕ್ಕೂ ಮುಂಚೆ ಸಾಕ್ಷಿಗೆ ಆರೋಪಿಯ ಮುಖ ತೋರಿಸಬಾರದು. ಬಂಧಿಸಿದವರ ಮುಖಕ್ಕೆ ಬಟ್ಟೆ ಹಾಕಿ ಕರೆತರೋದು ಮುಖ್ಯವಾಗಿ ಇದಕ್ಕೇ. ಆಧಾರ ಮೊದಲು 1872ರ ಸಾಕ್ಷ್ಯ ಕಾಯ್ದೆಯ 9ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಕಲಂ.

ನನಗೆ ಇದರಲ್ಲಿ ಹಿಡಿಸಿದ್ದು ಆ "ಬೇರೆಯವರು". ಸಾಕ್ಷಿ ಅವರಲ್ಲಿ ಒಬ್ಬರನ್ನು ತೋರಿಸಿದರೆ ತಪ್ಪು ಅಂತ ಅಲ್ಲೇ ಗೊತ್ತಾಗುತ್ತೆ. ಆರೋಪಿಯೊಬ್ಬನನ್ನೇ ನಿಲ್ಲಿಸಿ "ಇವನೇನಾ?" ಅಂತ ಕೇಳಿದರೆ ತಪ್ಪು ಹೊರಬರಲು ದಾರಿಯೇ ಇಲ್ಲ. ನಮ್ಮ ಟೆಸ್ಟಿಂಗಿನವರ ಭಾಷೆಯಲ್ಲಿ, ಫೇಲ್ ಆಗಲಾರದ ಟೆಸ್ಟು ಟೆಸ್ಟೇ ಅಲ್ಲ.

ಈಗ ನಮ್ಮೂರ ಕಡೆಗೆ. 2018ರ ಮೊದಲರ್ಧದಲ್ಲಿ ದೇಶದ ತುಂಬ ವಾಟ್ಸಾಪಿನಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಅಂತ ಸುದ್ದಿ. ಜೊತೆಗೊಂದು ವಿಡಿಯೊ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯ ಜಾಗೃತಿ ಜಾಹೀರಾತು. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗ ಕತ್ತರಿಸಿದ್ದರು. ಅಂದರೆ ಜನ ಅಪರಿಚಿತರನ್ನು ಕಣ್ಣಾರೆ ನೋಡುವ ಮೊದಲೇ ಕಳ್ಳನ ಚಿತ್ರ ತಲೆಯಲ್ಲಿ ಕೂತಿತ್ತು.

ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ. "ಇವರೇ ಅವರು" ಅಂತಾಯ್ತು. ಅವರು ತಪ್ಪಿಸಿಕೊಂಡು ಹೊರಟರೂ ಕಾರಿಗಿಂತ ಮುಂಚೆ ಮೆಸೇಜು ಮುಂದಿನ ಊರು ಮುಟ್ಟಿತ್ತು. ಆಗಿನ ಔರಾದ್ ತಾಲೂಕಿನ ಮುರ್ಕಿಯಲ್ಲಿ ಗುಂಪು ತಡೆದು ಹೊಡೆಯಿತು. ಒಬ್ಬ ಸತ್ತ. ನನ್ನ ಹಾಗೇ ಸಾಫ್ಟ್‌ವೇರ್ ಇಂಜಿನಿಯರ್. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯ್ತು.

ಮುರ್ಕಿಯ ಗುಂಪಿನಲ್ಲಿ ಹೆಚ್ಚಿನವರು ಆ ಚಾಕಲೇಟನ್ನೂ ನೋಡಿದವರಲ್ಲ. ನಮ್ಮ ಜಿಲ್ಲೆ ಮಹಾರಾಷ್ಟ್ರ, ತೆಲಂಗಾಣಗಳ ಗಡಿ. ಬೇರೆ ರಾಜ್ಯದ ನಂಬರ್ ಪ್ಲೇಟು, ಬೇರೆ ಭಾಷೆ ಇಲ್ಲಿ ದಿನನಿತ್ಯದ್ದು. ಅಂಥ ಊರಲ್ಲೂ ಹೊರಗಿನವರು ಅನ್ನೋದೇ ಅಂದು ಗುರುತಾಯ್ತು.

ಆಮೇಲೆ ತಿರುಗುಮುರುಗು ಪ್ರಶ್ನೆ. ನೂರಾರು ಜನರ ಗುಂಪಿನಲ್ಲಿ ಹೊಡೆದವರು ಯಾರು, ಸುಮ್ಮನೆ ನಿಂತು ನೋಡಿದವರು ಯಾರು? 1964ರಲ್ಲೇ ಸುಪ್ರೀಂ ಕೋರ್ಟು ಮಸಾಲ್ತಿ ಪ್ರಕರಣದಲ್ಲಿ ಹೇಳಿತ್ತು, ದೊಡ್ಡ ಗುಂಪಿನ ಕೇಸಿನಲ್ಲಿ ಎರಡು ಮೂರು ಸಾಕ್ಷಿಗಳಾದರೂ ಒಂದೇ ಥರ ಹೇಳುತ್ತಾರಾ ಅಂತ ನೋಡುವ ಪದ್ಧತಿ ಒಳ್ಳೆಯದು ಅಂತ. ಯೋಚಿಸಿ... ಆ ಕಾರಿನಲ್ಲಿದ್ದವರಿಗೆ ಗುಂಪು ಕೊಡದ ಎಚ್ಚರಿಕೆಯನ್ನು ಕಾನೂನು ಆ ಗುಂಪಿಗೆ ಕೊಡುತ್ತದೆ. ಕೆಲವರಿಗೆ ಇದು ಅನ್ಯಾಯ ಅನ್ನಿಸಬಹುದು. ನನಗೆ ಕಾನೂನಿನ ದೊಡ್ಡತನವೇ ಇದು ಅನ್ನಿಸುತ್ತೆ. ಇಲ್ಲಾಂದ್ರೆ ಎರಡೂ ಕಡೆ "ಇವನೇ ಅವನು" ಒಂದೇ ಉಳಿಯುತ್ತೆ.

ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಐದು ಚಾಟಿಗೆ ಇಳಿಸುವುದಾಗಿ ಹೇಳಿತು. ಜುಲೈ 17ರಂದು ಸುಪ್ರೀಂ ಕೋರ್ಟು ಗುಂಪುಹತ್ಯೆ ತಡೆಗೆ ಸೂಚನೆಗಳನ್ನು ಕೊಟ್ಟಿತು. ಎರಡೂ ಒಳ್ಳೇದೇ. ಆದರೆ ಗುರುತು ಪತ್ತೆ ಪರೇಡಿನಲ್ಲಿ ಸಾಕ್ಷಿ ಹೇಳಬಹುದಾದ ಇನ್ನೊಂದು ಉತ್ತರವಿದೆ: "ಈ ಸಾಲಿನಲ್ಲಿ ಅವನಿಲ್ಲ, ನನಗೆ ಗೊತ್ತಾಗ್ತಿಲ್ಲ." ಅದನ್ನು ಹೇಳಿದವರನ್ನು ಯಾರೂ ಬೈಯುವುದಿಲ್ಲ. ನಮ್ಮ ಫೋನಿಗೆ ಬರುವ ಮುಖಗಳ ಬಗ್ಗೆಯೂ ನಾವು ಅಷ್ಟು ಹೇಳಿದರೆ ಸಾಕು: ಗೊತ್ತಿಲ್ರೀ.